ಗಡಿಯಲ್ಲಿ ನಿಲ್ಲುವ ಬಸ್ಸು

ಪುಣೆಯ ಕನ್ನಡಿಗನಿಗೆ ಊರೆಂಬುದು ಒಂದು ರಾತ್ರಿಯ ಪ್ರಯಾಣ. ಸ್ವಾರಗೇಟಿನಲ್ಲಿ ಬಸ್ಸು ಹತ್ತಿದವನು ಸಾತಾರಾ, ಕರಾಡ, ಕೊಲ್ಹಾಪುರಗಳನ್ನು ದಾಟಿ, ಕಾಗಲದ ಆಚೆ ಕೊಗನೊಳ್ಳಿಯಲ್ಲಿ ಕನ್ನಡದ ಫಲಕ ಕಂಡೊಡನೆ ಅರ್ಧ ಮನೆ ಮುಟ್ಟಿದಂತೆ ನಿಟ್ಟುಸಿರು ಬಿಡುತ್ತಾನೆ. ಈ ದಾರಿಗೆ ಪಾಸ್‌ಪೋರ್ಟು ಬೇಡ, ವೀಸಾ ಬೇಡ. ದೇಶದೊಳಗೆ ಎಲ್ಲಿಗಾದರೂ ಹೋಗಿಬರುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ನಮಗೆ ಕೊಟ್ಟಿದೆ. ಆದರೂ ಈ ದಾರಿ ಮತ್ತೆ ಮತ್ತೆ ಕಟ್ಟಿಹೋಗುತ್ತಿದೆ. ಈ ಸಂಚಿಕೆಯಲ್ಲಿ ಆ ಕುರಿತು ನಾಲ್ಕು ಮಾತು ಬರೆಯುವುದು ನನಗೆ ಅನಿವಾರ್ಯವೆನಿಸಿದೆ.

2022ರ ಡಿಸೆಂಬರ್ 6ರಂದು ಬೆಳಗಾವಿಯ ಬಳಿಯ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ನೋಂದಣಿಯ ಲಾರಿಗಳ ಮೇಲೆ ಕನ್ನಡ ಕಾರ್ಯಕರ್ತರು ಕಲ್ಲು ತೂರಿದರು. ಅದೇ ದಿನ ಇಲ್ಲಿ, ನಮ್ಮ ಪುಣೆಯಲ್ಲಿ, ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಮಹಾರಾಷ್ಟ್ರದ ಸಾರಿಗೆ ನಿಗಮ ಕರ್ನಾಟಕದತ್ತ ಹೋಗುವ ಬಸ್ಸುಗಳನ್ನು ನಿಲ್ಲಿಸಿತು. 2025ರ ಫೆಬ್ರವರಿಯಲ್ಲಿ ಬೆಳಗಾವಿ ತಾಲೂಕಿನಲ್ಲಿ ಮರಾಠಿ ಬಾರದೆಂದ ನಿರ್ವಾಹಕನೊಬ್ಬನನ್ನು ಥಳಿಸಿದರು. ಅದರ ಬೆನ್ನಿಗೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸನ್ನು ತಡೆದು ಚಾಲಕನ ಮುಖಕ್ಕೆ ಮಸಿ ಬಳಿದರು. ಬಸ್ಸುಗಳು ಮತ್ತೆ ನಿಂತವು. ಎರಡು ಸಲವೂ ಪೆಟ್ಟು ತಿಂದವರು ಗಡಿಯನ್ನು ಗೆರೆ ಎಳೆದವರಲ್ಲ, ಅದನ್ನು ವಾದಿಸುವವರೂ ಅಲ್ಲ. ಸಂಬಳಕ್ಕಾಗಿ ಚಕ್ರ ತಿರುಗಿಸುವವರು, ಟಿಕೇಟು ಹರಿಯುವವರು.

ಬಸ್ಸು ನಿಂತಾಗ ಮಂತ್ರಿಗಳ ಪ್ರಯಾಣ ನಿಲ್ಲುವುದಿಲ್ಲ. ನಿಲ್ಲುವುದು ವಿಜಯಪುರ, ಕಲಬುರಗಿ, ಯಾದಗಿರಿಗಳಿಂದ ಬಂದು ಈ ನಗರದ ಕಟ್ಟಡಗಳಿಗೆ ಇಟ್ಟಿಗೆ ಹೊರುವವರ ಹಬ್ಬದ ಪ್ರಯಾಣ. ಚಿಕ್ಕೋಡಿ, ಅಥಣಿಗಳಿಂದ ಚಿಕಿತ್ಸೆಗಾಗಿ ಮಿರಜಿಗೆ ಹೋಗುವ ರೋಗಿಯ ಪ್ರಯಾಣ. ತೀರಿಕೊಂಡ ತಾಯಿಯ ಮುಖ ನೋಡಲು ಹೊರಟ ಮಗನ ಪ್ರಯಾಣ. ಹಣವಿದ್ದವನು ಕಾರು ಮಾಡಿಕೊಂಡು ಹೋಗುತ್ತಾನೆ. ಇಲ್ಲದವನು ಗಡಿಯ ಈಚೆ ಇಳಿದು, ಗಂಟು ಹೊತ್ತು ನಡೆದು, ಆಚೆಯ ಬಸ್ಸಿಗಾಗಿ ಕಾಯುತ್ತಾನೆ.

ತಡೆ ಒಡ್ಡುವವರು ಬೀದಿಯ ಕಾರ್ಯಕರ್ತರಷ್ಟೇ ಅಲ್ಲ. ಸರಕಾರಗಳೂ ಇದನ್ನು ಮಾಡಿವೆ. ಕೊರೋನಾ ಕಾಲದಲ್ಲಿ ತಪಾಸಣೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ 2021ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿಯನ್ನು ಕಡ್ಡಾಯ ಮಾಡಿದಾಗ, ಗಡಿಯಲ್ಲೇ ಪರೀಕ್ಷೆ ಮಾಡಿ ಒಳಬಿಡುವ ಏರ್ಪಾಡನ್ನೂ ಅಷ್ಟೇ ಮುತುವರ್ಜಿಯಿಂದ ಮಾಡಬೇಕಿತ್ತು. ಅದಕ್ಕೂ ಮುನ್ನ, 2020ರ ಮಾರ್ಚಿನಲ್ಲಿ, ಕಾಸರಗೋಡಿನ ದಾರಿಗಳಿಗೆ ಕರ್ನಾಟಕವೇ ಮಣ್ಣು ಸುರಿಸಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ರೋಗಿಗಳು ಆಚೆಯೇ ಉಳಿದರು. ಕೇರಳದ ಉಚ್ಚ ನ್ಯಾಯಾಲಯ ಮಧ್ಯೆ ಬರಬೇಕಾಯಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಹೊರನಾಡ ಕನ್ನಡಿಗರೆಂದು ನಾವು ಎದೆಗಪ್ಪಿಕೊಳ್ಳುವ ಕಾಸರಗೋಡಿಗರಿಗೂ ಆ ಮಣ್ಣಿನ ದಿಬ್ಬ ದಾರಿ ಬಿಡಲಿಲ್ಲ.

ಇಂಗ್ಲೆಂಡಿನ ಡೋವರ್ ಬಂದರಿನತ್ತ ಒಮ್ಮೆ ನೋಡೋಣ. ಅಲ್ಲಿಂದ ಫ್ರಾನ್ಸಿನ ಕ್ಯಾಲೆಗೆ ಸುಮಾರು 40 ಕಿಲೋಮೀಟರ್ ಕಡಲು. ಕೊಲ್ಹಾಪುರದಿಂದ ನಿಪ್ಪಾಣಿಗೆ ಇರುವಷ್ಟೇ ದೂರವೆನ್ನಬಹುದು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ತೊರೆದ ಮೇಲೆ ಅಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕೆಲಸ ಹೆಚ್ಚಿತು. 2022ರ ಜುಲೈಯಲ್ಲಿ ರಜೆಗೆ ಹೊರಟ ಕುಟುಂಬಗಳು ಗಂಟೆಗಟ್ಟಲೆ ಸಾಲಿನಲ್ಲಿ ನಿಂತವು. 2025ರ ಅಕ್ಟೋಬರಿನಿಂದ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ಪದ್ಧತಿಯೂ ಆರಂಭವಾಯಿತು. ತೊಂದರೆ ಅವರಿಗೂ ಉಂಟು. ಆದರೆ ಒಂದು ಸಂಗತಿ ಗಮನಾರ್ಹ. 2003ರ ಒಪ್ಪಂದದ ಪ್ರಕಾರ ಫ್ರಾನ್ಸಿನ ಅಧಿಕಾರಿ ಡೋವರಿನಲ್ಲೇ ಕುಳಿತು, ಪ್ರಯಾಣಿಕ ಹಡಗು ಹತ್ತುವ ಮೊದಲೇ ತಪಾಸಣೆ ಮುಗಿಸುತ್ತಾನೆ. ಶತಮಾನಗಳ ಕಾಲ ಕಾದಾಡಿದ ಎರಡು ಸ್ವತಂತ್ರ ರಾಷ್ಟ್ರಗಳು ಒಂದರ ನೆಲದಲ್ಲಿ ಇನ್ನೊಂದರ ಮೇಜು ಹಾಕಿಕೊಂಡಿವೆ. ಒಂದೇ ಗಣರಾಜ್ಯದ ಎರಡು ರಾಜ್ಯಗಳಿಗೆ ಇದು ಏಕೆ ಸಾಧ್ಯವಾಗಬಾರದು?

ಗಡಿಯ ವಿವಾದ ಇತ್ಯರ್ಥವಾಗಲಿ, ಆಮೇಲೆ ಎಲ್ಲವೂ ಸರಿಹೋಗುತ್ತದೆ ಎನ್ನುವವರಿದ್ದಾರೆ. 1956ರಲ್ಲಿ ಹುಟ್ಟಿದ ತಕರಾರಿದು. 1967ರ ಮಹಾಜನ ವರದಿ ನಿಪ್ಪಾಣಿ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೂ, 247 ಊರುಗಳನ್ನು ಕರ್ನಾಟಕಕ್ಕೂ ಕೊಟ್ಟು, ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಲು ಹೇಳಿತು. ಮಹಾರಾಷ್ಟ್ರ ಅದನ್ನೊಪ್ಪದೆ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಬೆಳಗಾವಿ ಕರ್ನಾಟಕದ್ದೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಭೂಮಿಯ ವ್ಯಾಜ್ಯ ತಲೆಮಾರುಗಟ್ಟಲೆ ನಡೆಯಬಹುದು. ಆಸ್ಪತ್ರೆಗೆ ಹೊರಟವನು ಒಂದು ದಿನವೂ ಕಾಯಲಾರ. ಈ ಎರಡನ್ನೂ ಬೇರೆ ಮಾಡುವುದೇ ವಿವೇಕ.

ಬೇರೆ ಮಾಡಬಹುದೆಂಬುದಕ್ಕೆ ರೈಲು ಸಾಕ್ಷಿ. 2024ರ ಸೆಪ್ಟೆಂಬರಿನಲ್ಲಿ ಪುಣೆ–ಹುಬ್ಬಳ್ಳಿ ನಡುವೆ ವಂದೇ ಭಾರತ್ ಗಾಡಿ ಆರಂಭವಾಯಿತು. ರೈಲಿನ ಮೈಮೇಲೆ ಯಾವ ರಾಜ್ಯದ ಹೆಸರೂ ಇಲ್ಲ. ಬಸ್ಸಿನ ಮೈಮೇಲೆ ಇದೆ. ಮಸಿ ಬಳಿಯುವವನಿಗೆ ಬೇಕಾಗಿರುವುದು ಆ ಹೆಸರು. ಒಳಗೆ ಕುಳಿತವರಲ್ಲಿ ಎಷ್ಟು ಮಂದಿ ಮರಾಠಿಗರು, ಎಷ್ಟು ಮಂದಿ ಕನ್ನಡಿಗರು ಎಂದು ಅವನು ಎಣಿಸುವುದಿಲ್ಲ.

ಹಾಗಾದರೆ ಆಗಬೇಕಾದುದೇನು? 2022ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಕೇಂದ್ರ ಗೃಹಮಂತ್ರಿಗಳ ಸಮ್ಮುಖದಲ್ಲಿ ಇಬ್ಬರು ಮುಖ್ಯಮಂತ್ರಿಗಳು ಒಪ್ಪಿದ ಸೂತ್ರದಲ್ಲಿ, ತಲಾ ಮೂವರು ಮಂತ್ರಿಗಳ ಸಮಿತಿಯ ಜೊತೆಗೆ, ಪ್ರಯಾಣಿಕರಿಗೂ ವ್ಯಾಪಾರಿಗಳಿಗೂ ತೊಂದರೆಯಾಗದಂತೆ ನೋಡಿಕೊಳ್ಳಲು ಹಿರಿಯ ಪೊಲೀಸ್ ಅಧಿಕಾರಿಯ ನೇತೃತ್ವದ ಸಮಿತಿಯೂ ಇತ್ತು. ಅದು ಗಲಾಟೆ ಎದ್ದಾಗ ನೆನಪಾಗುವ ಕಾಗದವಾಗದೆ, ಬೆಳಗಾವಿ–ಕೊಲ್ಹಾಪುರ ಜಿಲ್ಲಾಡಳಿತಗಳ ನಡುವಿನ ನಿತ್ಯದ ಸಂಪರ್ಕವಾಗಬೇಕು. ಬಸ್ಸು ನಿಲ್ಲಿಸುವುದು ಅನಿವಾರ್ಯವಾದರೆ ಗಡಿಯ ಎರಡೂ ಬದಿ ಬದಲಿ ಬಸ್ಸುಗಳು ಕಾದು ನಿಲ್ಲಬೇಕು; ಒಂದೇ ಟಿಕೇಟು ಎರಡಕ್ಕೂ ನಡೆಯಬೇಕು. ರೋಗಿಗಳಿಗೆ, ಪರೀಕ್ಷೆಗೆ ಹೊರಟ ಮಕ್ಕಳಿಗೆ ಯಾವ ಕಾಲಕ್ಕೂ ತಡೆ ಇರಬಾರದು. ಸೂಚನೆಗಳು ಎರಡೂ ಭಾಷೆಗಳಲ್ಲಿರಬೇಕು.

ಸರಕಾರಗಳಿಂದ ಇಷ್ಟು ಕೇಳುವ ನಾವು ನಮ್ಮಿಂದಲೂ ಒಂದನ್ನು ಕೇಳಿಕೊಳ್ಳಬೇಕು. ಪುಣೆಯಲ್ಲಿ ಮಸಿ ಬಿದ್ದಾಗ ಖಂಡಿಸುವ ನಮ್ಮ ಬಾಯಿ ಚಿತ್ರದುರ್ಗದಲ್ಲಿ ಬಿದ್ದಾಗಲೂ ಅಷ್ಟೇ ಗಟ್ಟಿಯಾಗಿ ತೆರೆಯಬೇಕು. ಅಲ್ಲಿ ಕಲ್ಲು ಎಸೆದ ಕೈಗೆ ಕನ್ನಡಾಭಿಮಾನದ ಹೆಸರು ಸಿಗಬಹುದು; ಅದರ ಬೆಲೆ ತೆರುವವರು ಮಾತ್ರ ಮಹಾರಾಷ್ಟ್ರದಲ್ಲಿ ಬಾಳುವ ಕನ್ನಡಿಗರು, ಕರ್ನಾಟಕದಲ್ಲಿ ಬಾಳುವ ಮರಾಠಿಗರು. ಗದಗ ಸೀಮೆಯ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಇಲ್ಲಿ ಸಂಗೀತೋತ್ಸವ ತೊಡಗಿದಾಗ ಈ ಊರು ಅದನ್ನು ತನ್ನದೆಂದೇ ಸ್ವೀಕರಿಸಿತು. ಆ ಉತ್ಸವ ಡಿಸೆಂಬರಿನದು. ಬೆಳಗಾವಿಯ ಅಧಿವೇಶನವೂ, ಅದರೊಡನೆ ಏಳುವ ಗಡಿಯ ಬಿಸಿಯೂ ಸಾಮಾನ್ಯವಾಗಿ ಡಿಸೆಂಬರಿನದೇ. ಎರಡರಲ್ಲಿ ಯಾವುದು ನಮ್ಮ ಪರಂಪರೆ ಎಂಬುದನ್ನು ನಾವೇ ನಿರ್ಧರಿಸಬೇಕು. ಇದರ ಬಗ್ಗೆ ಎರಡೂ ಸರಕಾರಗಳಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಮನವಿ ಸಲ್ಲಿಸುವುದು ನಮ್ಮ ಸಂಘದ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ನಮ್ಮ ಮರಾಠಿ ನೆರೆಯವರ ಸಹಿಯೂ ಅದರಲ್ಲಿರಲಿ. ಓದುಗರು ಕೈಜೋಡಿಸಬೇಕೆಂದು ವಿನಂತಿ.