ಫ್ಯಾನಿನ ರೆಗ್ಯುಲೇಟರ್ ಗೋಡೆಯಲ್ಲೇ ಇರಲಿ

ಬಾಗಲಕೋಟೆಯ ನವನಗರದಲ್ಲಿ ವೈರಿಂಗ್ ಮಾಡಿ ಬದುಕುವವನು ನಾನು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದವರು ಇಲ್ಲಿ ಕಟ್ಟಿಕೊಂಡ ಮನೆಗಳ ಹಳೇ ಸ್ವಿಚ್ ಬೋರ್ಡುಗಳು ಈಗ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿವೆ. ಈಚಿನ ಬೇಸಿಗೆಗಳಲ್ಲಿ ನನಗೆ ಸಿಗುವ ಕೆಲಸವೆಲ್ಲ ಹೆಚ್ಚೂಕಡಿಮೆ ಒಂದೇ ಥರ. ಹಳೇ ಫ್ಯಾನ್ ಇಳಿಸು, ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಏರಿಸು, ಬೋರ್ಡಿನ ರೆಗ್ಯುಲೇಟರ್ ಕಿತ್ತು ಆ ಜಾಗಕ್ಕೆ ಬ್ಲ್ಯಾಂಕ್ ಪ್ಲೇಟ್ ಕೂಡಿಸು, ಮನೆಯವರ ಕೈಗೆ ರಿಮೋಟ್ ಕೊಡು. ಹೊಸ ಫ್ಯಾನಿನ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಆ ಬ್ಲ್ಯಾಂಕ್ ಪ್ಲೇಟಿನ ಮೇಲೆ.

ಮೊದಲು ಹೊಸ ಫ್ಯಾನಿಗೆ ಸಲ್ಲಬೇಕಾದ ಮಾತು. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ 30ರ ಆಸುಪಾಸು. ದಿನಕ್ಕೆ 12 ತಾಸು ತಿರುಗಿದರೆ ಒಂದು ಫ್ಯಾನಿನಿಂದಲೇ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಕರೆಂಟ್ ಪುಕ್ಕಟೆ ಕೊಡುವ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಏಪ್ರಿಲ್–ಮೇದಲ್ಲಿ ಹಗಲೂ ರಾತ್ರಿ ಫ್ಯಾನ್ ಬಿಡುವ ನಮ್ಮ ಕಡೆಯ ಮನೆಗಳಿಗೆ ಮೂರು ಫ್ಯಾನುಗಳಿಂದ ಉಳಿಯುವ ನಲವತ್ತೆಂಟು ಯೂನಿಟ್ ಸಣ್ಣ ಮಾತಲ್ಲ. ಅದಕ್ಕೇ ಗಿರಾಕಿಗಳಿಗೆ ನಾನೇ ಮುಂದಾಗಿ ಇದನ್ನು ಹಾಕಿಸಿಕೊಳ್ಳಿ ಅನ್ನುತ್ತೇನೆ.

ಆದರೆ ಗೋಡೆಯಲ್ಲಿದ್ದ ರೆಗ್ಯುಲೇಟರ್ ಮನೆಮಂದಿಗೆಲ್ಲ ಸೇರಿದ್ದು, ರಿಮೋಟ್ ಅದನ್ನು ಹಿಡಿದವರಿಗೆ ಸೇರಿದ್ದು. ಕತ್ತಲಲ್ಲಿ ಎದ್ದವರಿಗೂ ಬೋರ್ಡ್ ಎಲ್ಲಿದೆ ಎಂದು ಕೈಗೇ ಗೊತ್ತು. ಕಣ್ಣು ಕಾಣದವರು ಟಕ್ ಟಕ್ ಎಂದು ಎಣಿಸಿ ಎರಡಕ್ಕೋ ಮೂರಕ್ಕೋ ತಿರುಗಿಸುತ್ತಾರೆ. ರಿಮೋಟಿನಲ್ಲಿ ಒಂದೇ ಅಳತೆಯ ಸಣ್ಣ ಗುಂಡಿಗಳು, ಅವುಗಳ ಮೇಲೆ ಇನ್ನೂ ಸಣ್ಣ ಇಂಗ್ಲಿಷ್ ಅಕ್ಷರ. ಅದು ದಿಂಬಿನ ಕೆಳಗೆ ಸೇರಿತೋ, ಸೆಲ್ ಮುಗಿಯಿತೋ, ಉಳಿಯುವುದು ಬೋರ್ಡಿನ ಸ್ವಿಚ್ ಒಂದೇ. ಅದನ್ನು ಹಾಕಿದರೆ ಬಹಳ ಫ್ಯಾನುಗಳು ಕೊನೆಗೆ ಯಾವ ವೇಗದಲ್ಲಿದ್ದವೋ ಅದೇ ವೇಗದಲ್ಲಿ ತಿರುಗುತ್ತವೆ. ಬೆಳಗಿನ ಜಾವ ಚಳಿಯಾದರೆ ಫ್ಯಾನ್ ಆರಿಸಬೇಕು, ಇಲ್ಲವೇ ಮುಸುಕು ಹಾಕಬೇಕು. ಒಬ್ಬ ಅಜ್ಜಿ ನನ್ನನ್ನೇ ಕೇಳಿದಳು: "ತಮ್ಮಾ, ಗಾಳಿ ಕಡಿಮಿ ಮಾಡಾಕ ಮೊಮ್ಮಗ ಸಾಲಿಯಿಂದ ಬರೂತನಾ ಕಾಯಬೇಕೇನು?"

ದೊಡ್ಡ ಹಾಲಿನಲ್ಲಿ ಇನ್ನೊಂದು ಪೇಚು. ಒಂದೇ ಕಂಪನಿಯ ಒಂದೇ ಮಾದರಿಯ ಫ್ಯಾನುಗಳನ್ನು ಹತ್ತಿರ ಹತ್ತಿರ ತೂಗು ಹಾಕಿದರೆ, ಒಂದಕ್ಕೆ ಒತ್ತಿದ ಗುಂಡಿಗೆ ಪಕ್ಕದ್ದೂ ಓಗೊಡುತ್ತದೆ. ಕಲ್ಯಾಣ ಮಂಟಪ, ಹಾಸ್ಟೆಲ್, ಆಸ್ಪತ್ರೆಯ ವಾರ್ಡುಗಳಲ್ಲಿ ಇದು ದಿನದ ಜಗಳ. ಜ್ವರ ಬಂದವನಿಗೆ ಗಾಳಿ ಬೇಡ, ಪಕ್ಕದ ಮಂಚದವನಿಗೆ ಬೇಕು. ರಿಮೋಟ್ ಮಾತ್ರ ಸಿಸ್ಟರ್ ಮೇಜಿನ ಡ್ರಾದಲ್ಲಿ.

ಹಾಗಾದರೆ ಹಳೇ ರೆಗ್ಯುಲೇಟರನ್ನೇ ಉಳಿಸಿಕೊಂಡರಾಗದೇ ಎಂದು ಕೇಳುವವರುಂಟು. ಆಗದು. ಹಿಂದಿನ ದಪ್ಪ ಕರಿ ಡಬ್ಬಿಯೊಳಗೆ ತಂತಿಯ ಸುರುಳಿ ಇರುತ್ತಿತ್ತು. ಫ್ಯಾನಿಗೆ ಹೋಗುವ ವೋಲ್ಟೇಜ್ ತಗ್ಗಿಸಿ, ಆ ಕರೆಂಟನ್ನು ಬಿಸಿ ಮಾಡಿ ಕಳೆಯುವುದೇ ಅದರ ಕೆಲಸ. ಆಮೇಲೆ ಎಲೆಕ್ಟ್ರಾನಿಕ್ ಡಿಮ್ಮರ್ ಬಂತು, ಕಡಿಮೆ ವೇಗದಲ್ಲಿ ಫ್ಯಾನ್ ಗುಂಯ್ ಅನ್ನತೊಡಗಿತು. ಈಗಿನ ಸ್ಟೆಪ್ ರೆಗ್ಯುಲೇಟರಿನೊಳಗೆ ಕಂಡೆನ್ಸರ್‌ಗಳಿವೆ, ಸದ್ದೂ ಇಲ್ಲ, ಬಿಸಿಯೂ ಕಡಿಮೆ. ಆದರೆ ಮೂರರ ಧರ್ಮವೂ ಒಂದೇ, ಫ್ಯಾನಿಗೆ ಸಿಗುವ ವೋಲ್ಟೇಜ್ ಇಳಿಸುವುದು. ಬಿಎಲ್‌ಡಿಸಿ ಫ್ಯಾನಿನೊಳಗೆ ಒಂದು ಕಾರ್ಡ್ ಇರುತ್ತದೆ. ಬಂದ ಎಸಿಯನ್ನು ಡಿಸಿ ಮಾಡಿ, ಮೋಟರ್ ಎಷ್ಟು ವೇಗದಲ್ಲಿ ತಿರುಗಬೇಕೆಂದು ಅದೇ ನಿರ್ಧರಿಸುತ್ತದೆ. ಹೊರಗಿನಿಂದ ವೋಲ್ಟೇಜ್ ತಗ್ಗಿಸಿದರೂ ಬಹಳ ಮಾದರಿಗಳು ತಮ್ಮ ವೇಗ ಬಿಡುವುದಿಲ್ಲ. ಡಿಮ್ಮರ್ ಕತ್ತರಿಸಿ ಕೊಟ್ಟ ಕರೆಂಟು ಕಾರ್ಡನ್ನೇ ಸುಟ್ಟೀತು. ಹಳೇ ರೆಗ್ಯುಲೇಟರ್ ತೆಗೆಸಿ ಎಂದು ಕೈಪಿಡಿಯಲ್ಲಿ ಬರೆದಿರುವುದು ಇದಕ್ಕೇ. ಉಳಿಸಿಕೊಂಡು ಕಾರ್ಡ್ ಹೋದರೆ ವಾರಂಟಿಯ ಆಸೆ ಬಿಡಬೇಕು.

ಹಾಗಂತ ಗೋಡೆಯಿಂದ ಈ ಫ್ಯಾನನ್ನು ಆಳಲು ಬರುವುದೇ ಇಲ್ಲವೆಂದಲ್ಲ. ತನ್ನದೇ ಗೋಡೆ ರೆಗ್ಯುಲೇಟರಿಗೆ ಹೊಂದುವ ಬಿಎಲ್‌ಡಿಸಿ ಮಾದರಿಗಳು ಪೇಟೆಯಲ್ಲಿವೆ. ಸ್ವಿಚ್ಚನ್ನು ಬೇಗ ಆರಿಸಿ ಹಾಕಿದರೆ ವೇಗ ಬದಲಿಸುವ ಮಾದರಿಗಳೂ ಇವೆ. ವಿದ್ಯೆ ಇದೆ, ಮಾರುವವರಿಗೆ ಮನಸ್ಸಿಲ್ಲ. ರಿಮೋಟ್ ಷೋಕಿಯಾಗಿ ಕಾಣುತ್ತದೆ, ಪೆಟ್ಟಿಗೆಯ ಮೇಲೆ ಚಿತ್ರ ಹಾಕಲು ಬರುತ್ತದೆ. 1979ರ ಭಾರತೀಯ ಮಾನಕ ಐಎಸ್ 374ರ ಹೆಸರಿನಲ್ಲೇ ಸೀಲಿಂಗ್ ಫ್ಯಾನಿನ ಜೊತೆ ರೆಗ್ಯುಲೇಟರೂ ಇತ್ತು. ಫ್ಯಾನೆಂದರೆ ಅದನ್ನು ಹತೋಟಿಯಲ್ಲಿಡುವ ಸಾಧನವೂ ಸೇರಿ ಎಂದು ಆಗಿನವರಿಗೆ ತಿಳಿದಿತ್ತು. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಚೀಟಿ ಕಡ್ಡಾಯವಾಗಿದೆ. ಒಂದು ವ್ಯಾಟಿಗೆ ಎಷ್ಟು ಗಾಳಿ ಎಂಬುದನ್ನು ಆ ಚೀಟಿ ಅಳೆಯುತ್ತದೆ. ಗಾಳಿ ತಗ್ಗಿಸಲು ಅಜ್ಜಿಗೆ ಬರುತ್ತದೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

ನಾನು ಕೇಳುವುದು ಇಷ್ಟೇ. ಸರ್ಕಾರಿ ಶಾಲೆ, ಹಾಸ್ಟೆಲ್, ಅಂಗನವಾಡಿ, ಆಸ್ಪತ್ರೆಗಳಿಗೆ ಫ್ಯಾನ್ ಕೊಳ್ಳುವ ಟೆಂಡರಿನಲ್ಲಿ ಗೋಡೆಯಿಂದ ವೇಗ ಬದಲಿಸಲು ಬರಬೇಕು ಎಂಬ ಒಂದು ಸಾಲು ಸೇರಲಿ. ಸರ್ಕಾರ ಲಕ್ಷಗಟ್ಟಲೆ ಫ್ಯಾನ್ ಕೊಳ್ಳುವಾಗ ಹಾಕಿದ ಷರತ್ತನ್ನು ಕಂಪನಿಗಳು ತಳ್ಳಿಹಾಕುವುದಿಲ್ಲ.

ಮನೆಗೆ ಹಾಕಿಸುವವರೂ ನಾಲ್ಕು ವಿಷಯ ನೋಡಿಕೊಳ್ಳಿ. ಸ್ವಿಚ್, ರೆಗ್ಯುಲೇಟರ್ ಎರಡೂ ಫೇಸ್ ತಂತಿಯಲ್ಲೇ ಇರಬೇಕು. ನ್ಯೂಟ್ರಲ್‌ನಲ್ಲಿ ಕೂಡಿಸಿದರೆ ಫ್ಯಾನ್ ನಿಂತರೂ ಅದರೊಳಗೆ ಕರೆಂಟ್ ಇರುತ್ತದೆ, ಒರೆಸಲು ಸ್ಟೂಲ್ ಹತ್ತಿದವರಿಗೆ ಹೊಡೆಯುತ್ತದೆ. ಬೋರ್ಡನ್ನು ಆಳೆತ್ತರಕ್ಕೆ ಏರಿಸಬೇಡಿ. ನಾಲ್ಕಡಿಯಲ್ಲಿದ್ದರೆ ಮಕ್ಕಳಿಗೂ, ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಎಟುಕುತ್ತದೆ. ಮಲಗುವ ಕೋಣೆಯಲ್ಲಿ ಫ್ಯಾನಿನ ಹತೋಟಿ ಬಾಗಿಲ ಬಳಿ ಬೇಡ, ಮಂಚದ ಪಕ್ಕಕ್ಕೆ ಬರಲಿ. ಗೋಡೆ ಕೊರೆಯುವ ಮುಂಚೆ ಹೇಳಿದರೆ ಎರಡು ಮಾರು ತಂತಿಯ ಖರ್ಚು, ಬಣ್ಣ ಬಳಿದ ಮೇಲೆ ಹೇಳಿದರೆ ಗಾರೆಯವನೂ ಬರಬೇಕು. ಕೊನೆಯದಾಗಿ, ನಿಮ್ಮ ಫ್ಯಾನಿನ ಕಂಪನಿ ಒಪ್ಪಿದ ರೆಗ್ಯುಲೇಟರನ್ನಲ್ಲದೆ ಪೇಟೆಯ ಯಾವುದೋ ಡಿಮ್ಮರನ್ನು ಬಿಎಲ್‌ಡಿಸಿಗೆ ಜೋಡಿಸಲು ಮಿಸ್ತ್ರಿಗೆ ಬಿಡಬೇಡಿ. ಆ ಮಿಸ್ತ್ರಿ ನಾನೇ ಆಗಿದ್ದರೂ ಸರಿ.

ಅಂಗಡಿಯವನು "ರಿಮೋಟ್ ಫ್ರೀ ಐತ್ರಿ" ಎಂದು ಪೆಟ್ಟಿಗೆ ಮುಂದಿಟ್ಟಾಗ "ಗೋಡಿಗೆ ಏನ್ ಕೊಡ್ತೀರಿ?" ಎಂದು ಕೇಳಿ. ಹತ್ತು ಗಿರಾಕಿ ಕೇಳಿದರೆ ಆತ ಏಜೆಂಟನನ್ನು ಕೇಳುತ್ತಾನೆ, ಏಜೆಂಟ ಕಂಪನಿಯನ್ನು. ಬ್ಲ್ಯಾಂಕ್ ಪ್ಲೇಟ್ ಕೂಡಿಸುವ ಕೂಲಿ ನನಗೆ ತಪ್ಪಿದರೂ ಚಿಂತೆಯಿಲ್ಲ.