ಮೀಟರ್ ಕಳಿಸಿದರೆ ಸಾಲದು

ಬ್ಯಾಲೆನ್ಸ್ ಶೀಟ್ ಕೈಗೆ ಬಂದರೆ ನಾನು ಮೊದಲು ನೋಡುವುದು ಮೇಲಿನ ಮೂಲೆಯನ್ನು. ಅಲ್ಲಿ ‘ಲಕ್ಷ ರೂಪಾಯಿಗಳಲ್ಲಿ’ ಎಂದಿದೆಯೋ ‘ಕೋಟಿಗಳಲ್ಲಿ’ ಎಂದಿದೆಯೋ ತಿಳಿಯದೆ ಅಂಕಿ ಓದುವವನು ಅಕೌಂಟೆಂಟೇ ಅಲ್ಲ. ಇಷ್ಟೆಲ್ಲ ಬಲ್ಲ ನಾನೇ ಅಮ್ಮನ ವಿಷಯದಲ್ಲಿ ಎಡವಿದೆ.

ಕಳೆದ ವರ್ಷ ಲಂಡನ್‌ನಿಂದ ದಾವಣಗೆರೆಗೆ ಹೋಗುವಾಗ ಅಮ್ಮನಿಗೆಂದು ಇಲ್ಲಿಂದಲೇ ಶುಗರ್ ಮೀಟರ್ ಮತ್ತು ಸ್ಟ್ರಿಪ್ ಒಯ್ದಿದ್ದೆ. ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಪ್ರಶ್ನೆ: ‘ಶುಗರ್ ಎಷ್ಟಮ್ಮಾ?’ ‘ನೂರಾ ಹದಿಮೂರು ಐತಪ್ಪ, ಚಿಂತಿ ಮಾಡಬ್ಯಾಡ.’ ನಾನೂ ನಿಶ್ಚಿಂತೆಯಿಂದ ಇದ್ದೆ. ಎರಡು ತಿಂಗಳ ಮೇಲೆ ಡಾಕ್ಟರು ಲ್ಯಾಬ್ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಶುಗರ್ 200 ದಾಟಿತ್ತು.

ಮೀಟರ್ ಸುಳ್ಳು ಹೇಳಿರಲಿಲ್ಲ. ಪರದೆಯ ಮೇಲಿದ್ದದ್ದು 11.3. ನಡುವಿನ ಚುಕ್ಕಿ ಅಮ್ಮನ ಕಣ್ಣಿಗೆ ಬಿದ್ದಿರಲಿಲ್ಲ. ಬ್ರಿಟನ್ನಿನಲ್ಲಿ ರಕ್ತದ ಸಕ್ಕರೆಯನ್ನು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಅಳೆಯುತ್ತಾರೆ. ನಮ್ಮಲ್ಲಿ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು. ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ. 11.3 ಎಂದರೆ 203! ಪೌಂಡನ್ನು ರೂಪಾಯಿಗೆ ಬಾಯಲ್ಲೇ ಪರಿವರ್ತಿಸುವ ನನಗೆ ಇದು ಹೊಳೆಯಲಿಲ್ಲ.

ಆ ಪುಟ್ಟ ಯಂತ್ರದ ಮೇಲೆ ನನಗೆ ಗೌರವವೇ ಇದೆ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಕಿಣ್ವ ಮತ್ತು ಎಲೆಕ್ಟ್ರೋಡ್ ಜೋಡಿಸಿ ಸಕ್ಕರೆ ಅಳೆಯುವ ದಾರಿ ತೋರಿಸಿದ್ದು 1962ರಲ್ಲಿ. ಸ್ಟ್ರಿಪ್‌ನ ತುದಿಯಲ್ಲಿರುವ ಕಿಣ್ವ ರಕ್ತದ ಹನಿಯಲ್ಲಿನ ಗ್ಲುಕೋಸ್‌ನಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಅದರಿಂದ ಹರಿಯುವ ಅತಿ ಸಣ್ಣ ವಿದ್ಯುತ್ತನ್ನು ಮೀಟರ್ ಅಳೆಯುತ್ತದೆ. ಸಕ್ಕರೆ ಹೆಚ್ಚಿದ್ದರೆ ವಿದ್ಯುತ್ತೂ ಹೆಚ್ಚು. ಅಂದರೆ ನಿಜವಾದ ಕೆಲಸ ಸ್ಟ್ರಿಪ್‌ನದು. ಡಬ್ಬಿಯ ಮುಚ್ಚಳ ತೆರೆದಿಟ್ಟರೆ, ಬಿಸಿಲಿನಲ್ಲಿ ಬಿಟ್ಟರೆ, ಅವಧಿ ಮುಗಿದಿದ್ದರೆ ಕಿಣ್ವ ಕೆಡುತ್ತದೆ. ಬಾಳೆಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿಕೊಂಡರೆ ಬೆರಳಿಗೆ ಅಂಟಿದ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಎಲ್ಲ ಸರಿಯಿದ್ದರೂ ಅಂತರರಾಷ್ಟ್ರೀಯ ಮಾನದಂಡ 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಹೆಚ್ಚು ಕಡಿಮೆಯನ್ನು ಒಪ್ಪುತ್ತದೆ. ನಿಜ 200 ಇದ್ದರೆ ಮೀಟರ್ 170 ತೋರಿಸಬಹುದು, 230 ಕೂಡ.

ಕೋವಿಡ್ ಕಾಲದಲ್ಲಿ ನಾವೆಲ್ಲ ಊರಿಗೆ ಕಳಿಸಿದ ಆಕ್ಸಿಮೀಟರ್‌ನ ಕಥೆಯೂ ಇಂಥದೇ. ಅದು ಕೆಂಪು ಮತ್ತು ಅವಗೆಂಪು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ರಕ್ತದ ಆಮ್ಲಜನಕ ಅಂದಾಜಿಸುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪುತ್ತದೆ. ಕಪ್ಪು ಚರ್ಮದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಎಚ್ಚರಿಸಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಫಾರಿನ್ ಮೀಟರ್‌ನ ಮೋಹ ಬಿಡೋಣ. ದುಡ್ಡು ಕಳಿಸಿ ಊರಿನ ಮೆಡಿಕಲ್ ಸ್ಟೋರ್‌ನಲ್ಲೇ ಕೊಡಿಸೋಣ. ಡಾಕ್ಟರು ಮಾತಾಡುವ ಅಂಕಿಯನ್ನೇ ಅದು ತೋರಿಸುತ್ತದೆ, ಹೊಂದುವ ಸ್ಟ್ರಿಪ್ಪೂ ಅಲ್ಲೇ ಸಿಗುತ್ತದೆ. ನಾನು ತಂದ ಮೀಟರಿನ ಸ್ಟ್ರಿಪ್ ದಾವಣಗೆರೆಯಲ್ಲಿ ಸಿಗುತ್ತಲೂ ಇರಲಿಲ್ಲ. ವರ್ಷಕ್ಕೊಮ್ಮೆ ರಜೆಗೆ ಹೋದಾಗ ಲ್ಯಾಬ್ ವರದಿಯ ಪಕ್ಕ ಮನೆ ಮೀಟರ್‌ನ ಅಂಕಿ ಇಟ್ಟು ತಾಳೆ ನೋಡೋಣ. ಬ್ಯಾಂಕ್ ಪಾಸ್‌ಬುಕ್ಕಿಗೆ ಮಾಡುವ ಕೆಲಸ ಅಪ್ಪ ಅಮ್ಮನ ರಕ್ತಕ್ಕೆ ಬೇಡವೆ?

ಈಗ ಅಮ್ಮನ ಬಳಿ ಊರಿನದೇ ಮೀಟರ್ ಇದೆ. ಭಾನುವಾರ ನಾನು ಅಂಕಿ ಕೇಳುವುದಿಲ್ಲ. ಪಕ್ಕದ ಮನೆ ಹುಡುಗ ಪರದೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ. ಮೊದಲು ಚುಕ್ಕಿ ಹುಡುಕುತ್ತೇನೆ, ಆಮೇಲೆ ಅಂಕಿ ಓದುತ್ತೇನೆ.