ಮೂಗು ಚುಚ್ಚುವ ಮೊದಲು ಮುಖಕ್ಕೊಂದು ಹಗ್ಗ

ಹೋರಿಗರುವಿಗೆ ಮೂಗು ಚುಚ್ಚಿಸಿ, ಗಾಯ ಮಾಯುವ ಮುಂಚೆಯೇ ನೊಗಕ್ಕೆ ಕಟ್ಟಿ, ಇಬ್ಬರು ಮುಂದೆ ಜಗ್ಗಿ ಒಬ್ಬ ಹಿಂದಿನಿಂದ ಬಾರಿಸಿ, ಎಂಟೇ ದಿನಕ್ಕೆ ‘ಪಳಗಿಸಿದ್ವಿ’ ಅನ್ನುವವರು ನಮ್ಮ ಕಡೆ ಹೆಚ್ಚಾಗಿದ್ದಾರೆ. ನನ್ನ ಪ್ರಕಾರ ಅದು ಪಳಗಿಸುವುದಲ್ಲ, ಮೂಗು ಕೆಡಿಸುವುದು. ಹಾಗೆ ಕೆಟ್ಟ ಎತ್ತು ಗಾಡಿಗೆ ಹೇಗೋ ಆದೀತು, ಎಡೆಕುಂಟೆಗೆ ಆಗುವುದಿಲ್ಲ.

ಎಡೆಕುಂಟೆ ವಿಷಯ ಯಾಕೆ ಎತ್ತಿದೆ ಅಂದರೆ, ನಮ್ಮಂಥ ಮೂರು ನಾಲ್ಕು ಎಕರೆ ಖುಷ್ಕಿಯವರಿಗೆ ಎತ್ತು ಬೇಕಾಗಿರುವುದೇ ಅದಕ್ಕೆ. ಉಳುಮೆಗೆ ಟ್ರ್ಯಾಕ್ಟರ್ ಕರೆಸಬಹುದು. ಆದರೆ ಶೇಂಗಾ ಸಾಲಿನಿಂದ ಸಾಲಿಗೆ 30 ಸೆಂ.ಮೀ. ಅಂತರ. ಬಿತ್ತಿದ 40–45 ದಿನದೊಳಗೆ ಎಡೆ ಹೊಡೆದು ಮುಗಿಸಬೇಕು, ಸೂಜಿ ನೆಲಕ್ಕಿಳಿದ ಮೇಲೆ ಮಣ್ಣು ಕೆದಕುವಂತಿಲ್ಲ. ಈ ನಡುವೆ ಮಳೆ ಬಿಡುವು ಕೊಟ್ಟ ನಾಲ್ಕಾರು ದಿನವೇ ನಮಗೆ ಸಿಗುವುದು. ಆಗ ಎತ್ತು ಒಂದೊಂದು ಸಲ ಹಗ್ಗ ಜಗ್ಗಿದಾಗಲೂ ತಲೆ ಕೊಡವಿ ಅಡ್ಡ ಕಾಲಿಟ್ಟರೆ ಕಳೆಗಿಂತ ಬೆಳೆಯೇ ಜಾಸ್ತಿ ಹೋಗುತ್ತದೆ.

ನಾನು ಕರುವಿನ ಮೂಗಿನ ತಂಟೆಗೆ ಮೊದಲು ಹೋಗುವುದಿಲ್ಲ. ವರ್ಷ ತುಂಬುವ ಹೊತ್ತಿಗೆ ಕೊರಳ ಕಣ್ಣಿಯ ಜೊತೆ ಮುಖಕ್ಕೆ ಹತ್ತಿ ನೂಲಿನ ಹಗ್ಗ ಹಾಕುತ್ತೇನೆ. ಒಂದು ಸುತ್ತು ಮೂಗಿನ ಮೇಲೆ, ಒಂದು ಸುತ್ತು ಕಿವಿಯ ಹಿಂದೆ. ಮೂಗಿನ ಮೇಲಿನ ಸುತ್ತು ಗಟ್ಟಿ ಎಲುಬಿನ ಮೇಲೆ ಕೂರಬೇಕು. ಕೆಳಗೆ ಮೆತ್ತನೆ ಜಾಗಕ್ಕೆ ಜಾರಿದರೆ ಉಸಿರು ಕಟ್ಟಿ ಕರು ಗಾಬರಿ ಬೀಳುತ್ತದೆ. ಎದುರಿಗೆ ನಿಂತು ನೇರ ಎಳೆದರೆ ನಾಲ್ಕೂ ಕಾಲು ಊರಿ ನಿಲ್ಲುತ್ತದೆ, ಆ ಜಗ್ಗಾಟದಲ್ಲಿ ಗೆಲ್ಲುವುದು ಕರುವೇ. ಪಕ್ಕಕ್ಕೆ ನಿಂತು ಮೆಲ್ಲಗೆ ಓರೆಗೆ ಎಳೆಯಿರಿ, ಒಂದು ಹೆಜ್ಜೆ ಇಟ್ಟೇ ಇಡುತ್ತದೆ. ಇಟ್ಟ ಕೂಡಲೇ ಹಗ್ಗ ಸಡಿಲ ಬಿಡಿ. ಎಲ್ಲ ಇರುವುದು ಇಲ್ಲೇ ನೋಡಿ. ಆ ಸಡಿಲವೇ ಕರುವಿನ ಕೂಲಿ. ಹೆಜ್ಜೆ ಇಟ್ಟ ಮೇಲೂ ಜಗ್ಗುತ್ತಲೇ ಇದ್ದರೆ ಅದು ಯಾತಕ್ಕಾಗಿ ನಡೆಯಬೇಕು? ದಿನಕ್ಕೆ ಕಾಲು ಗಂಟೆ ಸಾಕು. ನಿಲ್ಲುವುದಕ್ಕೆ, ತಿರುಗುವುದಕ್ಕೆ ಮನೆಗೊಂದು ಕೂಗು ಇರುತ್ತದೆ. ಯಾವುದಾದರೂ ಆಗಲಿ, ದಿನಕ್ಕೊಂದು ಥರ ಮಾಡಬೇಡಿ.

ಕುದುರೆ ವಿಷಯದಲ್ಲೂ ಹೀಗೇ ಉಂಟಂತೆ. ಮೆಕ್ಸಿಕೋ, ಕ್ಯಾಲಿಫೋರ್ನಿಯಾ ಕಡೆಯ ದನಗಾಹಿಗಳು ಎಳೇ ಕುದುರೆಯ ಬಾಯಿಗೆ ಮೊದಲೇ ಕಬ್ಬಿಣ ಕೊಡುವುದಿಲ್ಲ. ಹಸಿ ಚರ್ಮ ಹೆಣೆದ ಬಳೆಯೊಂದನ್ನು ಮೂಗಿನ ಮೇಲೆ ಕೂರಿಸಿ ಅದರಲ್ಲೇ ಪಳಗಿಸುತ್ತಾರೆ, ಹೆಸರು ಬೊಸಾಲ್. ಲಗಾಮು ಆಮೇಲೆ. ಮಗ ಫೋನಿನಲ್ಲಿ ತೋರಿಸಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ, ನಮ್ಮಪ್ಪ ಮಾಡುತ್ತಿದ್ದದ್ದೂ ಇದೇ ಲೆಕ್ಕ.

ಹಾಗಂತ ಮೂಗುದಾರವೇ ಬೇಡ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲೂ ನಿಯಮದ ಪ್ರಕಾರ ಮೂಗುದಾರ ಹಾಕುವುದಕ್ಕೆ ವಿನಾಯಿತಿ ಇದೆ. ಬಾಯಿಗೂಡಿದ ಹಳ್ಳಿಕಾರ್ ಎತ್ತು ರಸ್ತೆಯಲ್ಲಿ ಲಾರಿ ಹಾರನ್ನಿಗೆ ಬೆದರಿ ಓಡಿದರೆ ಮುಖದ ಹಗ್ಗದಿಂದ ತಡೆಯಲಿಕ್ಕಾಗುವುದಿಲ್ಲ, ಹಿಡಿದವನ ಕೈಯೇ ಹೋದೀತು. ಮೂಗುದಾರ ಇರಲಿ, ಆದರೆ ಅದು ಅಂಥ ಹೊತ್ತಿಗೆ. ದಿನದ ಮಾತು ಬಾಯಲ್ಲೇ ನಡೆಯಬೇಕು.

ಚುಚ್ಚಿಸುವುದಾದರೆ ಪಶು ವೈದ್ಯರ ಕೈಲಿ ಚುಚ್ಚಿಸಿ. ಎರಡು ಹೊಳ್ಳೆಗಳ ನಡುವೆ ಬೆರಳಿಟ್ಟು ನೋಡಿದರೆ ಮುಂಭಾಗದಲ್ಲಿ ತೆಳ್ಳಗೆ ಮೆತ್ತಗಿನ ಜಾಗ ಸಿಗುತ್ತದೆ, ತೂತು ಅಲ್ಲಿ ಆಗಬೇಕು. ಅದರ ಹಿಂದಿನ ಗಟ್ಟಿ ಮೃದ್ವಸ್ಥಿಗೆ ದಬ್ಬಣ ಹೋದರೆ ಗಾಯ ಬೇಗ ಮಾಯುವುದಿಲ್ಲ. ಮಳೆಗಾಲ ಬೇಡ, ನೊಣ ಕೂತು ಹುಳ ಬೀಳುತ್ತದೆ. ಗಾಯ ಪೂರಾ ಒಣಗುವ ತನಕ ಆ ಹಗ್ಗ ಮುಟ್ಟದೆ ಮುಖದ ಹಗ್ಗದಲ್ಲೇ ನಡೆಸಿ. ಆಮೇಲೆ ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟಿ, ಉತ್ತ ಹೊಲದಲ್ಲಿ ಬರೀ ಒಂದು ಕೊರಡು ಎಳೆಸಿ. ಕುಂಟೆ, ನೇಗಿಲು ನಿಧಾನಕ್ಕೆ ಬರಲಿ. ಇನ್ನೊಂದು, ಮೂಗಿಗೆ ನೈಲಾನ್ ಹಗ್ಗ ಯಾರೂ ಹಾಕಬೇಡಿ. ಅಗ್ಗ, ಬಾಳಿಕೆ ಎಲ್ಲ ಸರಿ, ಆದರೆ ಗರಗಸದ ಹಾಗೆ ಕೊಯ್ಯುತ್ತದೆ. ಹತ್ತಿ ಹಗ್ಗವೂ ಸಿಂಬಳ ಒಣಗಿ ಬಿರುಸಾದರೆ ಬದಲಿಸಬೇಕು.

ಘಾಟಿ ಜಾತ್ರೆಗೋ ನಿಮ್ಮೂರ ಸಂತೆಗೋ ಜೋಡಿ ಕೊಳ್ಳಲು ಹೋದವರು ಹಲ್ಲು, ಸುಳಿ ನೋಡುವ ಹಾಗೆ ಮೂಗನ್ನೂ ನೋಡಿ. ತೂತು ಮುಂದಕ್ಕೆ ಹರಿದಿದೆಯಾ, ಹಗ್ಗ ಮುಟ್ಟಿದರೆ ಕಣ್ಣು ಬಿಳಿಚಿ ತಲೆ ಎತ್ತುತ್ತದೆಯಾ ಗಮನಿಸಿ. ಹಗ್ಗ ಇಳಿಬಿಟ್ಟು ಇಪ್ಪತ್ತು ಹೆಜ್ಜೆ ನಡೆಸಿ ನಿಲ್ಲಿಸಪ್ಪ ಅಂತ ಮಾರುವವನಿಗೆ ಹೇಳಿ. ಆಗಲ್ಲ ಅಂದರೆ ಪಕ್ಕದ ಜೋಡಿ ನೋಡಿ.